ಕೆಳಗಿನಿಂದ ಶುರುವಾದ ಸೂರ್ಯ

"ಒಂದು ಸೂರ್ಯ ಬರಿಯಪ್ಪ," ಎಂದು ಮಾರ್ಕರ್ ಪೆನ್ನನ್ನು ಮುಂದೆ ಹಿಡಿದೆ.

ಮಹೇಂದ್ರ ತೆಗೆದುಕೊಳ್ಳಲಿಲ್ಲ. ನನ್ನನ್ನು ನೋಡಿದ, ಬಾಗಿಲ ಬಳಿ ನಿಂತಿದ್ದ ಸಿಂಚನಳನ್ನು ನೋಡಿದ, ಗೋಡೆಯ ಬಿಳಿ ಹಲಗೆಯನ್ನು ನೋಡಿದ. ರಾಜೀವನಗರದ ಎರಡನೇ ಮಹಡಿಯ ಆ ಆಫೀಸಿನ ಕೆಳಗೆ ಗ್ರಿಲ್ ಮಾಡುವವರು ಕಬ್ಬಿಣ ಕೊಯ್ಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಮೂವರೂ ಬಾಯಿ ಮುಚ್ಚಿಕೊಂಡು ಕಾಯಬೇಕಾಯಿತು.

"ಸೂರ್ಯ ಯಾಕೆ ಸರ್?"

"ಬರಿ. ಆಮೇಲೆ ಹೇಳ್ತೀನಿ."

ಆಗ ಶನಿವಾರ ಬೆಳಿಗ್ಗೆ ಹನ್ನೊಂದೂಕಾಲು. ಸಂಜೆ ನಾಲ್ಕಕ್ಕೆ ಸಿಂಚನ ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಿತ್ತು. ಎರಡು ಚಿತ್ರಗಳನ್ನು ಅದಲುಬದಲು ಮಾಡಿದ ಕೈ ಯಾರದೆಂದು ಅಷ್ಟರೊಳಗೆ ನಾನು ತೋರಿಸದಿದ್ದರೆ, ಬೆಟ್ಟಮ್ಮ ಎಂಬ ಅಜ್ಜಿ ಆಸ್ಪತ್ರೆ ಸೇರಿದ್ದಕ್ಕೆ ಸಿಂಚನಳೇ ಹೊಣೆ ಎಂದು ದಾಖಲಾಗುತ್ತಿತ್ತು. ಇಪ್ಪತ್ತೇಳು ವರ್ಷದ ಹುಡುಗಿ, ಆರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಸದಾಶಿವಯ್ಯ, ಚಾಮರಾಜಪುರಂ ವಾಸಿ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ಭೂತಗನ್ನಡಿ ಹಿಡಿದು ಕೂತವನು. ನಿವೃತ್ತನಾದ ಮೇಲೆ ಯಾರಾದರೂ ಕೇಳಿಕೊಂಡು ಬಂದರೆ ಹುಡುಕಿಕೊಡುತ್ತೇನೆ, ಇಲ್ಲದಿದ್ದರೆ ಪೇಪರ್ ಓದಿಕೊಂಡು ರೇಗುತ್ತಿರುತ್ತೇನೆ. ಕಳ್ಳರ ಮೇಲೆ ನನಗೆ ಯಾವತ್ತೂ ಅಷ್ಟು ಸಿಟ್ಟು ಬಂದಿಲ್ಲ. ಕದ್ದ ಮೇಲೂ ಸಾಚಾ ಮುಖ ಹೊತ್ತು ಎದುರಿಗೆ ಕೂರುವವರನ್ನು ಕಂಡರೆ ಮೈ ಉರಿಯುತ್ತದೆ.

ಮಹೇಂದ್ರನ ಮುಖ ಅಂಥದ್ದಾಗಿತ್ತು.

ನಾವು ದಿನಾ ಫೋನಿನಲ್ಲಿ ಒತ್ತುವ ಪುಟ್ಟ ಚಿತ್ರಗಳಿವೆಯಲ್ಲ, ಮನೆ, ಗಂಟೆ, ಕಸದ ಬುಟ್ಟಿ, ಅವಕ್ಕೆ ಐಕಾನ್ ಅನ್ನುತ್ತಾರೆ. ಅವನ್ನೂ ಯಾರೋ ಕೂತು ಬರೆದಿರುತ್ತಾರೆ ಅನ್ನುವುದು ಆರು ದಿನದ ಹಿಂದಿನವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಫೋನಿನ ಜೊತೆ ತಾವಾಗಿಯೇ ಬರುತ್ತವೆ ಅಂದುಕೊಂಡಿದ್ದೆ. ಸಿಂಚನ ಮತ್ತು ಮಹೇಂದ್ರ ಅಂಥ ಆರುನೂರ ಹನ್ನೆರಡು ಚಿತ್ರಗಳ ಭಂಡಾರವೊಂದನ್ನು ನಡೆಸುತ್ತಾರೆ. ಅದರ ಹೆಸರು ‘ಗೆರೆ’. ವೆಬ್‌ಸೈಟು ಕಟ್ಟುವವರು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು.

ಬಳಸುವುದು ಸುಲಭ, ನೋಡಿಕೊಳ್ಳುವುದು ಕಷ್ಟ. ಒಂದು ಚಿತ್ರದ ಗೆರೆ ದಪ್ಪವಾಯಿತು, ಇನ್ನೊಂದರ ಹೆಸರು ಬದಲಾಯಿತು, ಮತ್ತೊಂದು ಸಣ್ಣ ಪರದೆಯಲ್ಲಿ ಕಲೆಯಂತೆ ಕಂಡಿತು. ದಿನಾ ಯಾರದಾದರೂ ದೂರು ಇರುತ್ತದೆ. ಸರಿಪಡಿಸಿದ್ದನ್ನೆಲ್ಲ ಒಟ್ಟು ಮಾಡಿ, ನಂಬರ್ ಹಾಕಿ, ಹೊಸ ಕಂತಾಗಿ ಬಿಡುತ್ತಾರೆ. ಅದಕ್ಕೆ ರಿಲೀಸ್ ಅನ್ನುತ್ತಾರೆ. ಬಿಡಬೇಕಾದರೆ ಇಬ್ಬರ ಒಪ್ಪಿಗೆ ಬೇಕು, ಇಬ್ಬರಿಗೂ ಒಂದೊಂದು ಗುಟ್ಟಿನ ಕೀ ಇದೆ. ಒಂದೇ ಕೀಯಲ್ಲಿ ಬಾಗಿಲು ತೆರೆಯುವುದಿಲ್ಲ. ಕೊನೆಯ ಕೀ ಯಾರದೋ ಅವರೇ ಬಿಟ್ಟರೆಂದು ದಾಖಲಾಗುತ್ತದೆ.

ಶ್ರೀರಾಂಪುರದ ಸಣ್ಣ ಕ್ಲಿನಿಕ್ಕೊಂದು ಓದುಬರಹ ಬಾರದ ರೋಗಿಗಳಿಗಾಗಿ ಒಂದು ಆ್ಯಪ್ ಮಾಡಿಸಿತ್ತು. ಮಾತ್ರೆಯ ಫೋಟೋ, ಪಕ್ಕದಲ್ಲಿ ‘ಗೆರೆ’ಯ ಒಂದು ಚಿತ್ರ. ದುಂಡನೆಯ ಸೂರ್ಯ, ಕೆಳಗೊಂದು ಅಡ್ಡಗೆರೆ, ಪಕ್ಕದಲ್ಲಿ ಬಾಣ. ಬಾಣ ಮೇಲಕ್ಕಿದ್ದರೆ ಬೆಳಿಗ್ಗೆ ನುಂಗುವ ಮಾತ್ರೆ, ಕೆಳಕ್ಕಿದ್ದರೆ ಸಂಜೆಯದು. ಎರಡು ಚಿತ್ರಕ್ಕೂ ಬಾಣ ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ.

‘ಗೆರೆ’ಯಲ್ಲಿ ಹೊಸದು ಬಂದ ಕೂಡಲೇ ಆ ಆ್ಯಪ್ ತಾನಾಗಿ ಎಳೆದುಕೊಳ್ಳುತ್ತಿತ್ತು. ಹಾಗೆ ಬಿಡಬಾರದು, ನೋಡಿ ಒಪ್ಪಿದ ನಂಬರಿಗೇ ಗೂಟ ಹೊಡೆದು ಕಟ್ಟಿಹಾಕಬೇಕು ಎಂದು ಸಿಂಚನ ಎರಡು ಸಲ ಅವರಿಗೆ ಬರೆದಿದ್ದಳಂತೆ. ಅವರು ಕಟ್ಟಲಿಲ್ಲ. ಹದಿನಾಲ್ಕನೇ ತಾರೀಕು ಹೊಸ ರಿಲೀಸ್ ಬಂತು. ಅದರಲ್ಲಿ ಬೆಳಗಿನ ಬಾಣ ಕೆಳಕ್ಕೆ ತಿರುಗಿತ್ತು, ಸಂಜೆಯದು ಮೇಲಕ್ಕೆ.

ಬೆಟ್ಟಮ್ಮನಿಗೆ ಎಪ್ಪತ್ತು ವರ್ಷ. ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಸಂಜೆ ನುಂಗಿ, ರಾತ್ರಿ ಎಂದಿನಂತೆ ಒಂದು ಲೋಟ ಹಾಲು ಕುಡಿದು ಮಲಗಿದರು. ಬೆಳಿಗ್ಗೆ ಮಗ ಮಹದೇವು ಎಬ್ಬಿಸಿದರೆ ಏಳಲಿಲ್ಲ. ಮೂರು ದಿನ ಪ್ರಜ್ಞೆ ಇರಲಿಲ್ಲ.

ಮೊನ್ನೆ ವಾರ್ಡಿನಲ್ಲಿ ಅವರನ್ನು ಮಾತಾಡಿಸಿದೆ. ಸಿಂಚನ ಬಾಗಿಲ ಹೊರಗೇ ನಿಂತಿದ್ದಳು, ಒಳಗೆ ಬರುವ ಧೈರ್ಯ ಇರಲಿಲ್ಲ. ಬೆಟ್ಟಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಆ ಮಗ ಹೇಳ್ಕೊಟ್ಟಂಗೇ ಮಾಡ್ದೆ ಕಣಪ್ಪ. ಪಕ್ಕದಲ್ಲೇ ಕೂತ್ಕಂಡು, ಇದು ಏಳೋ ಸೂರ್ಯ ಕಣವ್ವ, ಇದು ಮುಳುಗೋ ಸೂರ್ಯ ಅಂತ ತೋರ್ಸಿತ್ತು. ಬಾಣ ತಿರುಗಿತ್ತು. ಡಾಕ್ಟ್ರು ಬದ್ಲಾಯ್ಸವ್ರೆ ಅಂದ್ಕಂಡು ನುಂಗ್ಬುಟ್ಟೆ."

ಆ ಮಗ ಅಂದರೆ ಸಿಂಚನ. ಚಿತ್ರ ಯಾರಿಗೂ ಗೊಂದಲವಾಗಬಾರದೆಂದು ಬೆಟ್ಟಮ್ಮನ ಜೊತೆ ಎರಡು ಮಧ್ಯಾಹ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದವಳು. ಆ ಮಾತು ಹೊರಗೆ ಅವಳಿಗೂ ಕೇಳಿಸಿತು. ಅವಳು ಸೆರಗಿಲ್ಲದ ಹುಡುಗಿ, ಜೀನ್ಸಿನವಳು, ತೋಳಿನಲ್ಲೇ ಮುಖ ಒರೆಸಿಕೊಂಡಳು. ಆ ಕ್ಷಣದಿಂದ ನಾನು ಪೂರ್ತಿ ಅವಳ ಕಡೆಯವನಾದೆ.

ಈಗ ಮಹೇಂದ್ರನಿಗೆ ಸೂರ್ಯ ಬರಿ ಅಂದದ್ದು ಯಾಕೆ ಅಂತ ಹೇಳುತ್ತೇನೆ.

ಆ ಚಿತ್ರಗಳ ಒಳಗೆ ಏನಿರುತ್ತದೆ ಎಂದು ಮೊದಲ ದಿನವೇ ಸಿಂಚನಳನ್ನು ಕೇಳಿದ್ದೆ. ಅಂಕಿಗಳಿರುತ್ತವೆ ಅಂಕಲ್ ಅಂದಳು. ಇಪ್ಪತ್ನಾಲ್ಕು ಮನೆ ಅಡ್ಡ, ಇಪ್ಪತ್ನಾಲ್ಕು ಮನೆ ಉದ್ದದ ಹಾಳೆಯೊಂದನ್ನು ಊಹಿಸಿಕೊಳ್ಳಬೇಕು. ಅದರ ಮೇಲೆ ಪೆನ್ನು ಎಲ್ಲಿ ಊರಬೇಕು, ಅಲ್ಲಿಂದ ಎಲ್ಲಿಗೆ ಎಳೆಯಬೇಕು, ಎಲ್ಲಿ ಬಾಗಬೇಕು ಎಂದು ಅಂಕಿಗಳಲ್ಲಿ ಬರೆದಿರುತ್ತದೆ. ಬೇರೆ ಭಂಡಾರದವರು ಇದನ್ನೆಲ್ಲ ಯಂತ್ರಕ್ಕೆ ಹಾಕಿ ಹಿಂಡಿ ಚಿಕ್ಕದು ಮಾಡುತ್ತಾರೆ. ‘ಗೆರೆ’ಯವರು ಮಾತ್ರ ಕೈಯಲ್ಲೇ ಬರೆದು ಹಾಗೇ ಇಡುತ್ತಾರೆ, ಆಮೇಲೆ ಬಂದವರಿಗೂ ಓದಲು ಬರಲಿ ಎಂದು.

ನನ್ನ ಕಿವಿ ನಿಮಿರಿತು. ಪರದೆಯ ಮೇಲೆ ಯಾರು ಬರೆದರೂ ಸೊನ್ನೆ ಸೊನ್ನೆಯೇ. ಆದರೆ ಅಂಕಿಗಳಲ್ಲಿ ಮೊದಲನೆಯದು ಇರುತ್ತದಲ್ಲ, ಅದು ಬರೆದವರು ಪೆನ್ನು ಮೊದಲು ಊರಿದ ಜಾಗ. ಮನುಷ್ಯ ಹೆಸರು ಬದಲಾಯಿಸುತ್ತಾನೆ, ಸಹಿ ಬದಲಾಯಿಸುತ್ತಾನೆ. ಸೊನ್ನೆ ಸುತ್ತುವ ರೀತಿ ಬದಲಾಯಿಸಬೇಕೆಂದು ಅವನಿಗೆ ಹೊಳೆಯುವುದೇ ಇಲ್ಲ.

ಎಲ್ಲ ಚಿತ್ರಗಳ ಅಂಕಿಗಳನ್ನೂ ಪ್ರಿಂಟ್ ಹಾಕಿಸಿ ತಾ ಅಂದೆ. ದಪ್ಪನೆಯ ಕಟ್ಟು ತಂದಳು. ಎರಡು ದಿನ ಊಟದ ಮೇಜಿನ ಮೇಲೆ ಹರಡಿಕೊಂಡು, ಎಲ್ಲೆಲ್ಲಿ ದುಂಡು ಇದೆಯೋ ಅಲ್ಲೆಲ್ಲ ಮೊದಲ ಅಂಕಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಸಿಂಚನ ಬರೆದ ದುಂಡುಗಳೆಲ್ಲ ಮೇಲಿನಿಂದ ಶುರುವಾಗಿದ್ದವು, ಗಡಿಯಾರದ ಹನ್ನೆರಡು ಇರುವ ಕಡೆಯಿಂದ. ಮಹೇಂದ್ರನವು ಬಲಗಡೆಯಿಂದ, ಮೂರರ ಕಡೆಯಿಂದ.

ತಪ್ಪು ನಡೆದ ರಿಲೀಸಿನಲ್ಲಿ ಹನ್ನೊಂದು ಚಿತ್ರಗಳನ್ನು ಹೊಸದಾಗಿ ಬರೆದಿದ್ದರು. ಗೆರೆಯ ದಪ್ಪ ಸರಿಪಡಿಸಿದ್ದೇವೆ ಎಂಬ ಒಂದು ಸಾಲಿನ ಟಿಪ್ಪಣಿ. ಆ ಎರಡು ಸೂರ್ಯಗಳೂ ಅದರಲ್ಲೇ ಇದ್ದವು. ಹನ್ನೊಂದೂ ಕೆಳಗಿನಿಂದ ಶುರುವಾಗಿದ್ದವು, ಆರು ಗಂಟೆಯ ಜಾಗದಿಂದ.

ಈ ವಿಷಯ ನಮ್ಮಿಬ್ಬರ ನಡುವೆ ಇರಲಿ ಎಂದು ಸಿಂಚನಳಿಗೆ ಹೇಳಿದ್ದೆ. ಕೈ ಹೇಗೆ ಸಿಕ್ಕಿಬೀಳುತ್ತದೆ ಎಂದು ಗೊತ್ತಾದರೆ ಕೈ ಬದಲಾಗಿಬಿಡುತ್ತದೆ.

ಮಹೇಂದ್ರ ಕೊನೆಗೂ ಮಾರ್ಕರ್ ತೆಗೆದುಕೊಂಡ. ಹಲಗೆಯ ಮುಂದೆ ಹೋಗಿ, ನಮಗೆ ಬೆನ್ನು ಮಾಡಿ, ಒಂದು ಸೊನ್ನೆ ಸುತ್ತಿದ. ಬಲಗಡೆಯಿಂದ. ಇನ್ನೊಂದು ಬರಿ ಅಂದೆ. ಅದೂ ಬಲಗಡೆಯಿಂದ. ಬೇಜಾರಿನಿಂದ ಮೂರನೆಯದನ್ನೂ ಸುತ್ತಿ ಸುತ್ತ ಕಿರಣಗಳನ್ನು ಎಳೆದ.

ಸಿಂಚನಳ ಮುಖ ಬಾಡಿತು. ಇವನೇ ಆಗಿರಲಿ ಎಂದು ಅವಳು ಎಷ್ಟು ಬೇಡಿಕೊಂಡಿದ್ದಳು ಎಂದು ನನಗೆ ಆಗ ತಿಳಿಯಿತು.

"ಕೈ ನಿಂದಲ್ಲ," ಎಂದೆ. "ಆದರೆ ಕೀ ತಿರುಗಿಸಿದ್ದು ನೀನೇ."

ಅವನು ಮಾರ್ಕರಿಗೆ ಮುಚ್ಚಳ ಹಾಕಿದ. ಏನು ಕೀ ಸರ್, ಕೊನೆಗೆ ರಿಲೀಸ್ ಆಗಿರೋದು ಸಿಂಚನಳ ಕೀಯಲ್ಲಿ, ದಾಖಲೆ ಇದೆ, ಪೊಲೀಸರಿಗೂ ಕೊಟ್ಟಾಗಿದೆ ಎಂದು ಪಾಠ ಒಪ್ಪಿಸಿದ. ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ನಲವತ್ತಕ್ಕೆ ರಿಲೀಸ್ ಆಗಿದೆಯಲ್ಲವೇ ಎಂದು ಕೇಳಿದೆ. ಹೌದು ಅಂದ. ಆ ಹೊತ್ತಿನಲ್ಲಿ ಸಿಂಚನ ಆರ್‌ಟಿಒ ಮೈದಾನದಲ್ಲಿ ಕಾರು ಓಡಿಸಿ ಲೈಸೆನ್ಸ್ ಪರೀಕ್ಷೆ ಕೊಡುತ್ತಿದ್ದಳು. ಸ್ಟೇರಿಂಗ್ ಹಿಡಿದು ಎಂಟು ಬರೆಯುವವಳು ರಿಲೀಸ್ ಹೇಗೆ ಮಾಡುತ್ತಾಳೆ. ಪರೀಕ್ಷೆ ತೆಗೆದುಕೊಂಡವರ ಪಟ್ಟಿ ತೆಗೆದು ಅವನ ಮೇಜಿನ ಮೇಲೆ ಇಟ್ಟೆ.

ಕೆಳಗೆ ಕಬ್ಬಿಣ ಕೊಯ್ಯುವುದು ನಿಂತಿತ್ತು. ಅವನ ಉಸಿರು ಕೇಳಿಸುತ್ತಿತ್ತು.

"ನಂಗೆ ಡೆಂಗ್ಯೂ ಬಂದಾಗ ನನ್ನ ಕೀ ಕೊಟ್ಟಿದ್ದು ಕಣೋ," ಎಂದಳು ಸಿಂಚನ. "ಎಂಟೇ ಎಂಟು ದಿನಕ್ಕೆ. ಅಳಿಸ್ಬುಟ್ಟೆ ಅಂತ ನೀನೇ ಮೆಸೇಜ್ ಹಾಕಿದ್ದೆ."

ಮಹೇಂದ್ರ ಕುರ್ಚಿಯಲ್ಲಿ ಕುಸಿದು ಕೂತ. "ಅಳಿಸ್ಲಿಲ್ಲ," ಎಂದ.

ಆಮೇಲೆ ಒಂದೊಂದೇ ಹೊರಬಂತು. ದೊಡ್ಡ ಕಂಪನಿಯೊಂದು ‘ಗೆರೆ’ಯನ್ನು ತನ್ನ ಕೆಲಸಕ್ಕೆ ಬಳಸುತ್ತೇನೆ, ಅದರ ಉಸ್ತುವಾರಿಗೆ ಮಹೇಂದ್ರನಿಗೇ ಕೆಲಸ ಕೊಡುತ್ತೇನೆ ಅಂದಿತ್ತು. ತಿಂಗಳಿಗೊಂದು ರಿಲೀಸ್ ಆಗಲೇಬೇಕು ಅನ್ನುವುದು ಅವರ ಷರತ್ತು. ಸಿಂಚನ ಒಂದು ಚಿತ್ರ ಒಪ್ಪಲು ಹತ್ತು ದಿನ ನೋಡುವವಳು. ಅವಳ ಕೀ ತನ್ನ ಬಳಿಯೇ ಇತ್ತಲ್ಲ, ಇಬ್ಬರ ಒಪ್ಪಿಗೆಯನ್ನು ಇವನೊಬ್ಬನೇ ಹಾಕಿಕೊಂಡು ಬಂದ. ನಾಲ್ಕು ತಿಂಗಳಿಂದ. ಅವಳು ಒಪ್ಪಿದ್ದವುಗಳ ನಡುವೆ ಒಪ್ಪದ್ದನ್ನೂ ತೂರಿಸುತ್ತಿದ್ದುದರಿಂದ ಅವಳಿಗೆ ಗೊತ್ತಾಗಿರಲಿಲ್ಲ.

ಬೆಟ್ಟಮ್ಮ ಬಿದ್ದ ಸುದ್ದಿ ಬಂದಾಗ ಕ್ಲಿನಿಕ್ಕಿನವರು ಯಾರು ಬಿಟ್ಟದ್ದು ಎಂದು ಕೇಳಿ ಬರೆದರು. ಇವನು ಎರಡೇ ಸಾಲಿನ ಉತ್ತರ ಕಳಿಸಿದ, ಸಿಂಚನ ಬಿಟ್ಟದ್ದು ಎಂದು. ಅದನ್ನು ಬರೆದ ಸಂಜೆಯೇ ಅವಳ ಜೊತೆ ಕೂತು ಚುರುಮುರಿ ತಿಂದು ಸಮಾಧಾನ ಹೇಳಿ ಕಳಿಸಿದ್ದ. ಇದನ್ನು ಹೇಳುವಾಗ ಅವನು ಅಳುತ್ತಿದ್ದ. ನನಗೆ ಏನೇನೂ ಅಯ್ಯೋ ಅನ್ನಿಸಲಿಲ್ಲ.

ಹಾಗಾದರೆ ಆ ಹನ್ನೊಂದು ಚಿತ್ರ ಯಾರು ಬರೆದು ಕೊಟ್ಟದ್ದು ಎಂದು ಕೇಳಿದೆ. ‘ಗೆರೆ’ಗೆ ಹೊರಗಿನವರು ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಮೂರು ತಿಂಗಳ ಹಿಂದೆ ‘ಹಳೆಗೆರೆ’ ಅನ್ನುವ ಹೆಸರಿನಲ್ಲಿ ಯಾರೋ ಸೇರಿಕೊಂಡರಂತೆ. ಯಾರೆಂದು ಮಹೇಂದ್ರನಿಗೆ ಗೊತ್ತಿಲ್ಲ. ಕೈ ಮಾತ್ರ ಬಲು ಚೊಕ್ಕ. ಎಷ್ಟು ಚೊಕ್ಕವೆಂದರೆ ನೋಡದೆಯೇ ಒಪ್ಪಿಗೆ ಹಾಕಿದೆ ಎಂದ.

"ನೋಡಿದ್ರೆ ನಿಮಗೂ ಹಂಗೇ ಅನ್ಸೋದು ಸರ್," ಎಂದ. "‘ಗೆರೆ’ಯ ಶುರುವಿನಿಂದ ಜೊತೇಲಿದ್ದವರು ಬರ್ದಂಗಿತ್ತು."

ಆ ಮಾತಿಗೆ ಸಿಂಚನ ಕಿಟಕಿಯ ಕಡೆ ತಿರುಗಿಕೊಂಡಳು. ಅಳು ಬಂದಿರಬೇಕು ಅಂದುಕೊಂಡೆ.

ಮಹೇಂದ್ರನ ಕೈಯಲ್ಲಿ ಕೀ ವಿಷಯ ಬರೆಸಿಕೊಂಡು ಸಹಿ ಹಾಕಿಸಿದೆ. ಅದು ಅರ್ಧ ಕೆಲಸ. ಕೀ ತಿರುಗಿಸಿದವಳು ಅವಳಲ್ಲ ಅಂದ ಮಾತ್ರಕ್ಕೆ ಚಿತ್ರ ಅವಳು ಬರೆಸಿದ್ದಲ್ಲ ಎಂದು ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ಸುಳ್ಳು ಹೆಸರಿನಲ್ಲಿ ನೀನೇ ಕಳಿಸಿದ್ದು ಅನ್ನುತ್ತಾನೆ. ಆರು ಗಂಟೆಯ ಕೈ ಬೇಕೇ ಬೇಕಿತ್ತು. ಸಿಂಚನ ತನ್ನ ಅಣ್ಣನನ್ನು ಕರೆದುಕೊಂಡು ಮೂರೂವರೆಗೆ ನಮ್ಮ ಮನೆಗೇ ಬರುವುದೆಂದು ಮಾತಾಯಿತು. ಅವಳನ್ನು ಬಸ್ ಸ್ಟಾಪಿನಲ್ಲಿ ಇಳಿಸಿ ನಾನು ಸ್ಕೂಟರ್ ಮನೆ ಕಡೆ ತಿರುಗಿಸಿದೆ.

ಮನೆಗೆ ಬಂದಾಗ ಒಂದೂವರೆ. ನನ್ನ ಮಗಳು ಶಿವಾನಿ ಆಗಲೇ ಬಂದಿದ್ದಳು. ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾಳೆ, ಶನಿವಾರ ಅರ್ಧ ದಿನ. ಅಡುಗೆಮನೆಯಲ್ಲಿ ಬಸ್ಸಾರು ಕುದಿಯುತ್ತಿತ್ತು. ಏನಾಯ್ತಪ್ಪ ಎಂದು ಕೇಳಿದಳು. ಮಹೇಂದ್ರ ಒಪ್ಪಿಕೊಂಡ, ಆದರೆ ಬರೆದವನು ಅವನಲ್ಲ ಎಂದೆ. ಹೌದಾ ಅಂದು ಸೌಟು ತಿರುಗಿಸಿದಳು.

ಶಿವಾನಿ, ಸಿಂಚನ ಇಬ್ಬರೂ ಚಿತ್ರಕಲಾ ಕಾಲೇಜಿನಲ್ಲಿ ಜೊತೆಗೆ ಓದಿದವರು. ಎರಡು ಜಡೆ, ಒಂದೇ ತಲೆ ಎಂದು ನನ್ನ ಹೆಂಡತಿ ಸುಮಿತ್ರಮ್ಮ ರೇಗಿಸುತ್ತಿದ್ದಳು. ‘ಗೆರೆ’ ಶುರುವಾಗಿದ್ದೂ ನಮ್ಮ ಮನೆಯ ಮಹಡಿಯ ಮೇಲೆಯೇ. ಆಮೇಲೆ ಸುಮಿತ್ರಮ್ಮ ಹಾಸಿಗೆ ಹಿಡಿದಳು. ಎರಡು ವರ್ಷ ಶಿವಾನಿ ಅಮ್ಮನ ಕಾಲ ಬಳಿಯಿಂದ ಏಳಲಿಲ್ಲ. ಸುಮಿತ್ರಮ್ಮ ತೀರಿಕೊಂಡ ಮೇಲೆ ಶಿವಾನಿ ಪೆನ್ನು ಹಿಡಿಯುವುದನ್ನೇ ಬಿಟ್ಟಳು, ಶಾಲೆಯ ಮಕ್ಕಳಿಗೆ ಮಾವಿನಹಣ್ಣು ಬರೆಸುವುದನ್ನು ಬಿಟ್ಟರೆ.

‘ಗೆರೆ’ಯ ಮೊದಲ ಪುಟದಲ್ಲಿ ಕಟ್ಟಿದವರು ಎಂದು ಎರಡೇ ಹೆಸರಿವೆ, ಸಿಂಚನ, ಮಹೇಂದ್ರ. ನಿಂದು ಇಲ್ವಲ್ಲ ಮಗಳೇ ಎಂದು ಈ ವಾರ ಕೇಳಿದ್ದೆ. ನಾನು ಬರೀ ಕಾಫಿ ಮಾಡಿಕೊಡ್ತಿದ್ದೆ ಕಣಪ್ಪ ಎಂದು ನಕ್ಕಳು. ಸಿಂಚನ ಸಹಾಯ ಕೇಳಿಕೊಂಡು ಮನೆಗೆ ಬಂದ ದಿನ ಬಾಗಿಲು ತೆಗೆದವಳು ಶಿವಾನಿ. ಒಳಗೆ ಬಾ ಅನ್ನಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ನೋಡಿದ್ದೆ. ಒಲೆಯ ಮೇಲೆ ಏನೋ ಇಟ್ಟು ಬಂದಿರಬೇಕು ಅಂದುಕೊಂಡಿದ್ದೆ.

ಊಟವಾದ ಮೇಲೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೇವೆಯೇ ಎಂದು ನೋಡಲು ಕ್ಯಾಲೆಂಡರ್ ಬಳಿ ಹೋದೆ. ನಮ್ಮ ಮನೆಯಲ್ಲಿ ಸಿಲಿಂಡರ್ ಬಂದ ದಿನಕ್ಕೆ ಸುತ್ತು ಹಾಕುವುದು ರೂಢಿ. ಒಂಬತ್ತನೇ ತಾರೀಕಿಗೆ ನೀಲಿ ಪೆನ್ನಿನ ಸುತ್ತು ಇತ್ತು.

ಅದರ ಬುಡದಲ್ಲಿ ಶಾಯಿ ಕೊಂಚ ದಪ್ಪಗಿತ್ತು.

ಪೆನ್ನು ಮೊದಲು ಊರಿದ ಕಡೆ ಶಾಯಿ ನಿಲ್ಲುತ್ತದೆ. ಭೂತಗನ್ನಡಿ ತಂದೆ. ಶುರುವೂ ಕೊನೆಯೂ ಕೆಳಗೇ ಒಂದರ ಮೇಲೊಂದು ಹಾದಿದ್ದವು. ಹಿಂದಿನ ತಿಂಗಳ ಹಾಳೆ ಮಗುಚಿದೆ. ಅದರಲ್ಲೂ ಹಾಗೇ. ಅದರ ಹಿಂದಿನದರಲ್ಲೂ. ಎಲ್ಲವೂ ಆರು ಗಂಟೆಯಿಂದ.

ಮೊದಲು ನನ್ನದೇ ಕೈ ಇರಬೇಕು ಅಂದುಕೊಂಡೆ. ಯಾಕೆಂದರೆ ನಾನೂ ಕೆಳಗಿನಿಂದಲೇ ಸುತ್ತುವವನು. ಬೆರಳಚ್ಚಿನ ಫೋಟೋದಲ್ಲಿ ಬಿಂದು ಗುರುತಿಸುವಾಗ ಮೇಲಿನಿಂದ ಸುತ್ತಿದರೆ ಕೈ ಅಡ್ಡ ಬಂದು ಬಿಂದುವೇ ಮುಚ್ಚಿಹೋಗುತ್ತದೆ. ಕೆಳಗಿನಿಂದ ಸುತ್ತಬೇಕೆಂದು ನಮ್ಮ ಹಿರಿಯ ಅಧಿಕಾರಿ ಬೀರಯ್ಯನವರು ಕಲಿಸಿದ್ದರು. ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗಳಲ್ಲಿ ನನ್ನ ಕೆಂಪು ಸುತ್ತುಗಳೆಲ್ಲ ಹಾಗೇ ಇದ್ದವು. ಎರಡು ದಿನ ಬೇರೆಯವರ ಕೈ ಹುಡುಕುತ್ತಾ ನನ್ನ ಕೈಯನ್ನೇ ನಾನು ನೋಡಿರಲಿಲ್ಲ.

ಆದರೆ ಕ್ಯಾಲೆಂಡರಿನ ನೀಲಿ ಪೆನ್ನು ನನ್ನದಲ್ಲ. ಸಿಲಿಂಡರ್ ಬರುವುದು ಶಿವಾನಿ ಮನೆಯಲ್ಲಿದ್ದಾಗ.

ಅವಳಿಗೆ ನಾಲ್ಕು ವರ್ಷವಿದ್ದಾಗ ಸ್ಲೇಟಿನ ಮೇಲೆ ಸೊನ್ನೆ ತಿದ್ದಿಸಿದವನು ನಾನೇ. ಕೆಳಗಿನಿಂದ ಸುತ್ತುತ್ತಾಳೆ, ತಿದ್ದಿ ಎಂದು ಅವಳ ಮಿಸ್ ಡೈರಿಯಲ್ಲಿ ಬರೆದಿದ್ದರು. ಸೊನ್ನೆ ದುಂಡಗಿದ್ದರೆ ಸಾಕು ಎಂದು ಖಾರವಾಗಿ ಉತ್ತರ ಬರೆದು ಕಳಿಸಿದ್ದೆ. ಆ ಡೈರಿ ಇನ್ನೂ ಎಲ್ಲೋ ಇದೆ.

ಭೂತಗನ್ನಡಿ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತೆ. ಆರು ದಿನದಿಂದ ನನ್ನ ತಟ್ಟೆಗೆ ಅನ್ನ ಬಡಿಸಿದವಳು, ಯಾರಿಗಪ್ಪ ಇಂಥ ಮನಸ್ಸು ಬರುತ್ತೆ ಎಂದು ನನ್ನ ಜೊತೆ ಮರುಗಿದವಳು. ಮುಖ ತೊಳೆದುಕೊಂಡು ಬಂದು ಅವಳನ್ನು ಕರೆದೆ.

ಇನ್ನೂ ಒಂದು ಆಸೆ ಉಳಿದಿತ್ತು. ಲೋಕದಲ್ಲಿ ಕೆಳಗಿನಿಂದ ಸುತ್ತುವವರು ನಾವಿಬ್ಬರೇ ಏನಲ್ಲವಲ್ಲ.

"ಒಂದು ಸೂರ್ಯ ಬರಿ ಮಗಳೇ," ಎಂದು ಪೆನ್ಸಿಲ್ ಕೊಟ್ಟೆ.

ಶಿವಾನಿ ಯಾಕೆ ಎಂದು ಕೇಳಲಿಲ್ಲ. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡು ಕೂತಳು. ಹಾಳೆ ಎಳೆದುಕೊಂಡಳು. ಪೆನ್ಸಿಲಿನ ಮೊನೆ ಹಾಳೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಸೊನ್ನೆ ಸುತ್ತಿದಳು.

ಮೇಲಿನಿಂದ.

ಗೆರೆ ಸೊಟ್ಟಗಾಯಿತು. ಚೊಕ್ಕ ಕೈಯವಳು ಬರೆದ ಸೊನ್ನೆ ಎರಡು ಕಡೆ ನಡುಗಿತ್ತು. ಇಪ್ಪತ್ಮೂರು ವರ್ಷದಿಂದ ಕೆಳಗಿನಿಂದ ಬರೆದವಳು, ಇವತ್ತು ಮೊದಲ ಸಲ ಮೇಲಿನಿಂದ ಬರೆದಿದ್ದಳು. ಏನೂ ಮಾಡದವಳು ತನ್ನ ಕೈ ಬದಲಾಯಿಸಬೇಕಾಗಿರಲಿಲ್ಲ.

ಈ ಗುಟ್ಟು ಸಿಂಚನಳಿಗೂ ನನಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲವಲ್ಲ ಎಂದೆ. ಮೇಜಿನ ಮೇಲೆ ಎರಡು ದಿನ ಹರಡಿಕೊಂಡು ಕೂತಿದ್ಯಲ್ಲಪ್ಪ, ನಂಗೂ ಅಂಕಿ ಓದೋಕೆ ಬರುತ್ತೆ ಎಂದಳು. ದನಿಯಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದಿಂದ ಹೊತ್ತಿದ್ದನ್ನು ಇಳಿಸಿದವಳ ಹಾಗೆ ಕುರ್ಚಿಗೆ ಒರಗಿದಳು.

"ಆ ಅಜ್ಜಿ ಮೂರು ದಿನ ಕಣ್ಣು ಬಿಡಲಿಲ್ಲ ಶಿವಾನಿ."

"ಬೆಟ್ಟಮ್ಮ ಅನ್ನೋರೊಬ್ರು ಇದಾರೆ ಅಂತ ನಂಗೇನಪ್ಪ ಗೊತ್ತಿತ್ತು. ಯಾರೋ ಒಬ್ರು ನೋಡಿ, ಏನಿದು ಇಷ್ಟು ದೊಡ್ಡ ತಪ್ಪು ಅಂತ ಸಿಂಚನಾನ ಕೇಳ್ತಾರೆ ಅಂದ್ಕೊಂಡಿದ್ದೆ. ಅಷ್ಟೇ. ಒಂದು ದಿನ ಅವಳು ತಲೆ ತಗ್ಗಿಸಲಿ ಅಂತ."

"ಯಾಕೆ? ಅವಳು ನಿನಗೆ ಏನು ಮಾಡಿದ್ಲು?"

ಶಿವಾನಿ ಮೇಜಿನ ಮೇಲಿನ ಕಟ್ಟನ್ನು ಕಣ್ಣಿನಲ್ಲೇ ತೋರಿಸಿದಳು.

"ಅದು ಎಷ್ಟರಿಂದ ಶುರುವಾಗುತ್ತೆ ನೋಡು."

ಮೊದಲ ಹಾಳೆ ಹುಡುಕಿ ತೆಗೆದೆ. ಪ್ರತಿ ಚಿತ್ರಕ್ಕೂ ಒಂದು ನಂಬರ್ ಇತ್ತು. ಹಾಳೆಯ ನೆತ್ತಿಯಲ್ಲಿದ್ದ ನಂಬರ್ ನಲವತ್ತೊಂದು. ಒಂದರಿಂದ ನಲವತ್ತು ಇರಲಿಲ್ಲ. ಕಟ್ಟು ಕೊಡುವಾಗ ಸಿಂಚನ ಹೇಳಿದ್ದು ಆಗ ನೆನಪಾಯಿತು. ಮೊದಲಿನವು ಬಹಳ ಹಳೇವು, ಅವು ಬೇಡ ಅಂಕಲ್ ಅಂದಿದ್ದಳು. ನಾನು ಹೂಂ ಅಂದಿದ್ದೆ. ಹತ್ತು ಬೆರಳಲ್ಲಿ ಒಂದು ಬಿಟ್ಟು ಅಚ್ಚು ತಂದ ಕಾನ್‌ಸ್ಟೇಬಲ್‌ಗಳನ್ನು ಬೈದು ವಾಪಸು ಅಟ್ಟುತ್ತಿದ್ದ ನಾನು.

"ಆ ನಲವತ್ತು ಯಾರು ಬರೆದಿದ್ದು?" ಎಂದೆ. ಉತ್ತರ ನನಗೆ ಗೊತ್ತಿತ್ತು, ಕೇಳದೆ ಇರಲಾಗಲಿಲ್ಲ.

"ಮಹಡಿ ಮೇಲೆ ಯಾರು ಕೂತು ಬರೀತಿದ್ರು, ನೀನೇ ನೋಡಿದ್ಯಲ್ಲಪ್ಪ. ಅಮ್ಮಂಗೆ ಹುಷಾರಿಲ್ದೆ ಇದ್ದಾಗ, ನಿನ್ನ ಹೆಸರು ನಾನು ಕಾಯ್ಕೊಂಡಿರ್ತೀನಿ ಅಂದಿದ್ಲು. ವಾಪಸ್ ಹೋಗಿ ನೋಡ್ತೀನಿ, ಮಹೇಂದ್ರನ ಹೆಸರಿದೆ. ನನ್ನ ನಲವತ್ತು ಅವಳ ಹೆಸರಲ್ಲಿದೆ."

ಗೇಟಿನ ಸರಪಳಿ ಸದ್ದಾಯಿತು. ಅಂಕಲ್, ಮೂರೂವರೆ ಆಯ್ತು, ಆಟೋ ನಿಂತಿದೆ ಎಂದು ಸಿಂಚನ ಕೂಗಿದಳು.

ಶಿವಾನಿ ಎದ್ದು ನಿಂತಳು, ಓಡಿಹೋಗಲಿಲ್ಲ. ಸೊಟ್ಟ ಸೂರ್ಯನ ಹಾಳೆಯನ್ನು ಮಡಿಸಿ ನನ್ನ ಅಂಗಿಯ ಜೇಬಿಗೆ ತಾನೇ ಇಟ್ಟಳು. ಕೈ ಬದಲಾಯಿಸಿದ್ದಕ್ಕೆ ಸಾಕ್ಷಿ, ಬೇಕಾದರೆ ಕೊಡು ಅನ್ನುವ ಹಾಗೆ. ನಾಲ್ಕು ಗಂಟೆಗೆ ಠಾಣೆಯಲ್ಲಿ ನಾನು ಆ ಜೇಬಿಗೆ ಕೈ ಹಾಕಿದರೆ ಸಿಂಚನ ಉಳಿಯುತ್ತಾಳೆ, ಹಾಕದಿದ್ದರೆ ಶಿವಾನಿ. ಯಾವಳು ನನ್ನ ಮಗಳು ಅನ್ನುವುದರಲ್ಲಿ ಮಾತ್ರ ನನಗೆ ಗೊಂದಲ ಇರಲಿಲ್ಲ, ಅದೇ ನನ್ನ ಸಂಕಟವಾಗಿತ್ತು.

ನಲವತ್ತೊಂದನೇ ನಂಬರಿನ ಹಾಳೆ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಗೇಟಿಗೆ ಹೋದೆ. ಸಿಂಚನ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಳು. ಅಣ್ಣ ಆಟೋದಲ್ಲಿ ಕೂತಿದ್ದ. ಹಾಳೆಯನ್ನು ಅವಳ ಮುಂದೆ ಹಿಡಿದು, ಒಂದರಿಂದ ನಲವತ್ತು ಎಲ್ಲಮ್ಮ ಎಂದು ಕೇಳಿದೆ.

ಅವಳು ಹಾಳೆಯನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಕ್ಕೆ, ಹೊಸ್ತಿಲಲ್ಲಿ ಬಂದು ನಿಂತಿದ್ದ ಶಿವಾನಿಯನ್ನು ನೋಡಿದಳು. ಆರು ದಿನದಿಂದ ಆ ಮುಖದಲ್ಲಿದ್ದ ಅಳು ಒಂದೇ ಗಳಿಗೆಯಲ್ಲಿ ಇಂಗಿಹೋಗಿತ್ತು.

"ಹೇಳ್ಬುಟ್ಲಾ ಅಂಕಲ್?" ಎಂದಳು ಮೆಲ್ಲಗೆ. "ಕೆಳಗಿನ ಕೈ ಅವಳದೇ ಅಂತ ನಂಗೆ ಮೊದಲೇ ಗೊತ್ತಿತ್ತು. ಆ ನಲವತ್ತು ತೋರಿಸ್ದೇನೇ ನೀವಾಗೇ ಕಂಡುಹಿಡೀತೀರ ಅಂತ ತಾನೇ ನಾನು ನಿಮ್ಮ ಮನೆಗೇ ಬಂದಿದ್ದು."